ಅಪರಿಚಿತರ ಒರಟು ಮಾತು ಮತ್ತು ವಿಶ್ವಾಸಿಯ ಸಂಯಮ

ಬಂಧುಗಳ ನಡುವೆ ಮಾತು ಕೆಟ್ಟರೆ ಅದನ್ನು ಸರಿಪಡಿಸಲು ಹಲವು ದಾರಿಗಳಿವೆ. ಹಿರಿಯರೊಬ್ಬರು ನಡುವೆ ಬಂದು ರಾಜಿ ಮಾಡಿಸುತ್ತಾರೆ. ಈದ್ ಬರುತ್ತದೆ, ನಮಾಝ್ ಮುಗಿಸಿ ಒಬ್ಬರನ್ನೊಬ್ಬರು ಆಲಿಂಗಿಸಿಕೊಳ್ಳುತ್ತಾರೆ, ಅರ್ಧ ಮುನಿಸು ಅಲ್ಲೇ ಕರಗುತ್ತದೆ. ನೆರೆಮನೆಯವರೊಂದಿಗೆ ಜಗಳವಾದರೂ ಮರುದಿನ ಬೆಳಿಗ್ಗೆ ಮುಖ ನೋಡಲೇಬೇಕಾಗುವುದರಿಂದ ಇಬ್ಬರೂ ಸ್ವಲ್ಪ ಸ್ವಲ್ಪ ತಗ್ಗುತ್ತಾರೆ. ಆದರೆ ಬಸ್ಸಿನಲ್ಲಿ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ಆಸ್ಪತ್ರೆಯಲ್ಲಿ ಚೀಟಿ ಬರೆಸುವ ಕಿಟಕಿಯ ಮುಂದೆ ಅಪರಿಚಿತನೊಬ್ಬ ಒರಟಾಗಿ ಮಾತನಾಡಿದರೆ ಅದಕ್ಕೆ ಇಂತಹ ಪರಿಹಾರವಿಲ್ಲ. ಆತ ಮುಂದಿನ ನಿಲ್ದಾಣದಲ್ಲಿ ಇಳಿದು ಹೋಗುತ್ತಾನೆ. ಅವನು ಆಡಿದ ಮಾತು ಮಾತ್ರ ನಮ್ಮೊಂದಿಗೆ ಮನೆಯವರೆಗೆ ಬರುತ್ತದೆ.

ಮನೆಗೆ ಬಂದ ಮೇಲೆ ಆ ಮಾತು ಏನು ಮಾಡುತ್ತದೆ ಎಂಬುದನ್ನು ಗಮನಿಸಿದ್ದೀರಾ? ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗಂಡ ಗದರುತ್ತಾನೆ. ಲೆಕ್ಕ ತಪ್ಪಿದ ಮಗುವಿಗೆ ತಾಯಿಯ ಏಟು ಬೀಳುತ್ತದೆ. ಬೈದವನು ಯಾರೋ, ಅದರ ಬೆಲೆ ತೆರುವವರು ಯಾರೋ! ಆದುದರಿಂದ ಇದು ಚಿಲ್ಲರೆ ವಿಷಯವೆಂದು ತಳ್ಳಿಹಾಕುವಂತಿಲ್ಲ. ದಿನಕ್ಕೊಮ್ಮೆಯಾದರೂ ಎದುರಾಗುವ ಈ ಪರೀಕ್ಷೆಯಲ್ಲಿ ಸತ್ಯವಿಶ್ವಾಸಿಯ ನಿಲುವು ಹೇಗಿರಬೇಕು? ಈ ಬಗ್ಗೆ ಕುರ್‌ಆನ್ ಮತ್ತು ಪ್ರವಾದಿಚರ್ಯೆಯಲ್ಲಿ ನಮಗೆ ಸ್ಪಷ್ಟ ಮಾರ್ಗದರ್ಶನವಿದೆ.

ದಾರಿಯಲ್ಲಿ ನಡೆಯುವವರ ಗುಣ

ಪರಮ ದಯಾಮಯನ ದಾಸರು ಯಾರು ಎಂಬುದನ್ನು ವಿವರಿಸುವ ಅಲ್ ಫುರ್ಕಾನ್ ಅಧ್ಯಾಯದ 63ನೆಯ ಸೂಕ್ತವನ್ನು ನೋಡಿ. ಅಲ್ಲಿ ಮೊದಲು ಹೇಳಲಾಗಿರುವುದು ಅವರ ನಡಿಗೆಯ ಬಗ್ಗೆ. ಅವರು ಭೂಮಿಯ ಮೇಲೆ ವಿನಯದಿಂದ ನಡೆಯುತ್ತಾರೆ. ನಂತರ, ಅವಿವೇಕಿಗಳು ಅವರೊಡನೆ ಮಾತಿಗಿಳಿದಾಗ ಅವರು ಶಾಂತಿಯ ಮಾತನ್ನಾಡಿ ಮುಂದೆ ಸಾಗುತ್ತಾರೆ ಎಂದು ತಿಳಿಸಲಾಗಿದೆ. ರಾತ್ರಿಯ ನಮಾಝ್‌ನ ಪ್ರಸ್ತಾಪ ಬರುವುದು ಇವೆರಡರ ಬಳಿಕ, 64ನೆಯ ಸೂಕ್ತದಲ್ಲಿ. ಈ ಕ್ರಮ ಚಿಂತನಾರ್ಹವಾಗಿದೆ. ಅಪರಿಚಿತರು ನಮಗೆ ಎದುರಾಗುವುದು ನಡೆಯುವ ದಾರಿಯಲ್ಲೇ ತಾನೆ? ಅವಿವೇಕಿ ಎಲ್ಲೋ ಅಪರೂಪಕ್ಕೆ ಸಿಗಬಹುದು ಎಂಬ ಧಾಟಿಯೂ ಆ ಸೂಕ್ತದಲ್ಲಿಲ್ಲ. ಅವನು ಸಿಕ್ಕೇ ಸಿಗುತ್ತಾನೆ, ಸಿಕ್ಕಾಗ ಏನು ಮಾಡಬೇಕೆಂದು ಮೊದಲೇ ನಿರ್ಧರಿಸಿಕೊಳ್ಳಿ ಎಂಬ ಧಾಟಿ ಅದರದು.

ಹಾಗೆಂದು ಮನಸ್ಸಿಗೆ ನೋವೇ ಆಗಬಾರದೆಂದು ಇಸ್ಲಾಮ್ ಹೇಳುವುದಿಲ್ಲ. ನಾಲ್ಕು ಜನರ ಮುಂದೆ ಅವಮಾನವಾದರೆ ಯಾರಿಗಾದರೂ ಮುಖ ಕೆಂಪಾಗುತ್ತದೆ. ಕುಸ್ತಿಯಲ್ಲಿ ಎದುರಾಳಿಯನ್ನು ಕೆಡಹುವವನಿಗಿಂತ ಕೋಪ ಬಂದಾಗ ತನ್ನನ್ನು ಹಿಡಿತದಲ್ಲಿಟ್ಟುಕೊಳ್ಳುವವನೇ ನಿಜವಾದ ಬಲಶಾಲಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. (ಬುಖಾರಿ, ಮುಸ್ಲಿಮ್) ಕೋಪವೇ ಬಾರದವನ ಬಗ್ಗೆ ಈ ಮಾತು ಹೇಳಿದ್ದಲ್ಲ. ಕೋಪ ಬಂದಿದೆ, ಆದರೂ ಲಗಾಮು ಕೈಯಲ್ಲಿದೆ. ಅವನನ್ನೇ ಇಲ್ಲಿ ಹೊಗಳಲಾಗಿದೆ.

ಆ ಒಂದು ಕ್ಷಣ

ಒರಟು ಮಾತು ಕಿವಿಗೆ ಬಿದ್ದ ಮೇಲೆ ನಮ್ಮ ಬಾಯಿ ತೆರೆಯುವವರೆಗೆ ಒಂದು ಕ್ಷಣವಿದೆ. ಎಲ್ಲವೂ ತೀರ್ಮಾನವಾಗುವುದು ಅಲ್ಲಿಯೇ. ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿ ಒಮ್ಮೆ ಇಬ್ಬರು ಪರಸ್ಪರ ಬೈದಾಡಿಕೊಂಡರು. ಒಬ್ಬನ ಮುಖ ಕೆಂಪೇರಿತು, ಕೊರಳಿನ ನರಗಳು ಉಬ್ಬಿದವು. ಶೈತಾನನಿಂದ ಅಲ್ಲಾಹನ ಅಭಯ ಯಾಚಿಸಿದರೆ ಅವನ ಈ ಸ್ಥಿತಿ ದೂರವಾಗುವುದೆಂದು ಪ್ರವಾದಿ(ಸ) ತಿಳಿಸಿದರು. (ಬುಖಾರಿ, ಮುಸ್ಲಿಮ್) ನಿಂತಿರುವಾಗ ಕೋಪ ಬಂದವನು ಕುಳಿತುಕೊಳ್ಳಲಿ, ಅದರಿಂದಲೂ ಇಳಿಯದಿದ್ದರೆ ಮಲಗಿಕೊಳ್ಳಲಿ ಎಂಬ ಉಪದೇಶ ಅಬೂದಾವೂದ್‌ನಲ್ಲಿದೆ.

ತುಂಬಿದ ಬಸ್ಸಿನಲ್ಲಿ ಕುಳಿತುಕೊಳ್ಳಲು ಜಾಗವೆಲ್ಲಿ ಎಂದು ನೀವು ಕೇಳಬಹುದು. ಉಪದೇಶದ ತಿರುಳು ಗ್ರಹಿಸಿದರೆ ದಾರಿ ಸಿಗುತ್ತದೆ. ಎದುರಾಳಿಯ ಮೇಲೆ ಎರಗಲು ಸಿದ್ಧವಾದ ದೇಹವನ್ನು ಹಿಂದಕ್ಕೆಳೆಯಬೇಕು. ಎರಡು ಹೆಜ್ಜೆ ಸರಿದು ನಿಲ್ಲಿ. ದೃಷ್ಟಿಯನ್ನು ಕಿಟಕಿಯ ಕಡೆಗೆ ತಿರುಗಿಸಿ. ಅಊದು ಬಿಲ್ಲಾಹ್ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಅಷ್ಟರಲ್ಲಿ ಆ ಕ್ಷಣ ದಾಟಿರುತ್ತದೆ.

ಹ. ಅಬೂಬಕರ್(ರ) ಅವರಿಗೆ ಸಂಬಂಧಿಸಿದ ಒಂದು ಘಟನೆ ಈ ಸಂದರ್ಭದಲ್ಲಿ ನೆನಪಿಡುವಂಥದ್ದು. ವ್ಯಕ್ತಿಯೊಬ್ಬ ಅವರನ್ನು ನಿಂದಿಸಿದ. ಅವರು ಸುಮ್ಮನಿದ್ದರು. ಎರಡನೆಯ ಸಲವೂ ಸುಮ್ಮನಿದ್ದರು. ಮೂರನೆಯ ಸಲ ತಿರುಗಿ ಉತ್ತರ ಕೊಟ್ಟರು. ಆಗ ಅಲ್ಲೇ ಕುಳಿತಿದ್ದ ಪ್ರವಾದಿ(ಸ) ಎದ್ದು ನಿಂತರು. ತನ್ನ ಮೇಲೆ ಅಸಮಾಧಾನವಾಯಿತೇ ಎಂದು ಅಬೂಬಕರ್(ರ) ಕೇಳಿದಾಗ, ಅದುವರೆಗೆ ದೇವಚರನೊಬ್ಬ ಆ ವ್ಯಕ್ತಿಯ ಮಾತನ್ನು ಸುಳ್ಳೆಂದು ಹೇಳುತ್ತಿದ್ದನು, ನೀವೇ ಉತ್ತರಿಸತೊಡಗಿದಾಗ ಅಲ್ಲಿ ಶೈತಾನನ ಪ್ರವೇಶವಾಯಿತು ಎಂದು ಪ್ರವಾದಿ(ಸ) ವಿವರಿಸಿದರು. (ಅಬೂದಾವೂದ್) ಮೌನವಾಗಿದ್ದವನು ಸೋತನೆಂದು ಬಸ್ಸಿನಲ್ಲಿದ್ದವರು ಭಾವಿಸಬಹುದು. ಅವನ ಪರವಾಗಿ ಯಾರು ಉತ್ತರಿಸುತ್ತಿದ್ದಾರೆಂಬುದು ಅವರಿಗೆ ಕಾಣಿಸುವುದಿಲ್ಲ.

ಒರಟು ಮಾತಿನ ಹಿಂದೆ ಏನಿದೆ?

ಎಲ್ಲ ಒರಟುತನವೂ ಒಂದೇ ಬಗೆಯದ್ದಲ್ಲ. ಅನಸ್(ರ) ವರದಿ ಮಾಡಿರುವ ಪ್ರಸಂಗವೊಂದಿದೆ. ಪ್ರವಾದಿ(ಸ) ದಪ್ಪ ಅಂಚಿನ ನಜ್ರಾನಿ ಹೊದಿಕೆಯನ್ನು ಹೊದ್ದು ನಡೆಯುತ್ತಿದ್ದರು. ಹಳ್ಳಿಗಾಡಿನ ಅರಬನೊಬ್ಬ ಹಿಂದಿನಿಂದ ಬಂದು ಆ ಹೊದಿಕೆಯನ್ನು ಬಲವಾಗಿ ಜಗ್ಗಿದ. ಜಗ್ಗಿದ ರಭಸಕ್ಕೆ ಅವರ ಕೊರಳ ಬುಡದಲ್ಲಿ ಅಂಚಿನ ಗುರುತು ಮೂಡಿತು. ನಿಮ್ಮ ಬಳಿಯಿರುವ ಅಲ್ಲಾಹನ ಸೊತ್ತಿನಿಂದ ನನಗೂ ಕೊಡಿಸಿ ಎಂದು ಅವನು ಕೇಳಿದ. ಪ್ರವಾದಿ(ಸ) ಅವನ ಕಡೆಗೆ ತಿರುಗಿ ಮುಗುಳ್ನಕ್ಕರು, ಅವನಿಗೆ ಕೊಡುವಂತೆ ಆಜ್ಞಾಪಿಸಿದರು. (ಬುಖಾರಿ, ಮುಸ್ಲಿಮ್) ಅವನ ಕೈ ಒರಟಾಗಿತ್ತು, ಆದರೆ ಅವನ ಅಗತ್ಯ ನಿಜವಾಗಿತ್ತು. ಪ್ರವಾದಿ(ಸ) ಅಗತ್ಯವನ್ನು ನೋಡಿದರು, ಒರಟುತನವನ್ನು ಬಿಟ್ಟುಬಿಟ್ಟರು.

ಇನ್ನೊಂದು ಪ್ರಸಂಗದಲ್ಲಿ, ಒಂಟೆಯ ಸಾಲ ವಸೂಲಿಗೆ ಬಂದವನೊಬ್ಬ ಪ್ರವಾದಿವರ್ಯರೊಡನೆ(ಸ) ಕಟುವಾಗಿ ಮಾತನಾಡಿದ. ಅನುಚರರು ಅವನ ಮೇಲೆ ಎರಗಲು ಮುಂದಾದರು. ಪ್ರವಾದಿ(ಸ) ಅವರನ್ನು ತಡೆದರು. ಹಕ್ಕುಳ್ಳವನಿಗೆ ಮಾತನಾಡುವ ಅಧಿಕಾರವಿದೆಯೆಂದು ಹೇಳಿ, ಅವನಿಗೆ ಸಲ್ಲಬೇಕಾದುದಕ್ಕಿಂತ ಉತ್ತಮವಾದ ಒಂಟೆಯನ್ನೇ ಕೊಡಿಸಿದರು. (ಬುಖಾರಿ) ನಮ್ಮ ಅಂಗಡಿಗೆ ಬಂದ ಗಿರಾಕಿ ಕೂಗಾಡಿದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಅವನು ಕೂಗಿದ್ದು ತಪ್ಪಿರಬಹುದು, ಅವನ ದೂರು ಸರಿಯಾಗಿದೆಯೇ? ದೂರು ಸರಿಯಾಗಿದ್ದರೆ ಅವನ ದನಿಯನ್ನು ನೆಪ ಮಾಡಿಕೊಂಡು ಹಕ್ಕನ್ನು ನುಂಗುವಂತಿಲ್ಲ.

ನಮ್ಮ ನಾಡಿನ ಬಸ್ಸುಗಳನ್ನೇ ತೆಗೆದುಕೊಳ್ಳಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. ರಾಜ್ಯದ ಮಹಿಳೆಯರು ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸುವಂತಾಯಿತು. ಹಣ ಕೊಡಬೇಕಾಗಿಲ್ಲದಿದ್ದರೂ ಪ್ರತಿಯೊಬ್ಬರೂ ಶೂನ್ಯ ಟಿಕೆಟ್ ಪಡೆಯಬೇಕು. ಆ ಟಿಕೆಟ್‌ಗಳ ಲೆಕ್ಕದ ಆಧಾರದಲ್ಲೇ ಸರಕಾರವು ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡುತ್ತದೆ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬೊಬ್ಬರ ಗುರುತಿನ ಚೀಟಿ ನೋಡಿ ಟಿಕೆಟ್ ಕೊಡುತ್ತಾ ಸಾಗಬೇಕು. ನಡುದಾರಿಯಲ್ಲಿ ತಪಾಸಣೆಯವರು ಹತ್ತಿದರೆ ಲೆಕ್ಕ ಒಪ್ಪಿಸಬೇಕಾದವನೂ ಅವನೇ. ಬುರ್ಖಾದ ಚೀಲದೊಳಗಿನಿಂದ ಆಧಾರ್ ಕಾರ್ಡ್ ತೆಗೆಯಲು ತಡವಾದಾಗ ಅವನು ಸಿಡುಕಿದರೆ, ಆ ಸಿಡುಕಿನ ಹೆಚ್ಚಿನ ಪಾಲು ಅವನ ದಣಿವಿನದ್ದೇ ಆಗಿರಬಹುದು. ಚೀಟಿಯನ್ನು ಮೊದಲೇ ಕೈಯಲ್ಲಿ ಹಿಡಿದು ನಿಲ್ಲುವುದು, ಟಿಕೆಟ್ ಪಡೆದಾಗ ಒಂದು ಒಳ್ಳೆಯ ಮಾತು ಹೇಳುವುದು, ಇಷ್ಟರಿಂದಲೇ ಎಷ್ಟೋ ಜಗಳಗಳು ಹುಟ್ಟುವ ಮೊದಲೇ ಸಾಯುತ್ತವೆ. ಒಳಿತಿನಿಂದ ಕೆಡುಕನ್ನು ತಡೆಯಿರಿ ಎಂಬ ಕುರ್‌ಆನಿನ ಆದೇಶದ (ಹಾಮೀಮ್ ಅಸ್ಸಜ್ದಃ: 34) ದಿನಬಳಕೆಯ ರೂಪ ಇದು. ಸಹನಶೀಲರಿಗಲ್ಲದೆ ಈ ಗುಣ ದಕ್ಕುವುದಿಲ್ಲವೆಂದು ಮುಂದಿನ ಸೂಕ್ತವೇ ಎಚ್ಚರಿಸುವುದರಿಂದ, ಇದು ಸುಲಭವೆಂದು ಯಾರೂ ಭಾವಿಸಬೇಕಾಗಿಲ್ಲ.

ಬೇಕೆಂದೇ ಚುಚ್ಚುವವರು

ದಣಿವಿನಿಂದಲ್ಲದೆ, ಬೇಕೆಂದೇ ಚುಚ್ಚುವವರೂ ಇದ್ದಾರೆ. ಪುಕ್ಕಟೆ ಪ್ರಯಾಣದವರೆಂದು ಹೆಂಗಸರನ್ನು ಮೂದಲಿಸುವವರು, ಗಡ್ಡ ಟೋಪಿ ಕಂಡೊಡನೆ ಗೆಳೆಯನ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟುವವರು, ಶಿರವಸ್ತ್ರ ಧರಿಸಿದ ವಿದ್ಯಾರ್ಥಿನಿಯ ಬಗ್ಗೆ ಕೊಂಕು ನುಡಿಯುವವರು. ಇಂಥವರಿಗೆ ಏನು ಹೇಳಬೇಕು?

ಮದೀನಾದಲ್ಲಿ ಯಹೂದಿಯರ ಒಂದು ಗುಂಪು ಪ್ರವಾದಿವರ್ಯರ(ಸ) ಬಳಿಗೆ ಬಂದು, ಸಲಾಮ್ ಹೇಳುವಂತೆ ನಟಿಸಿ, ಒಂದು ಅಕ್ಷರವನ್ನು ನುಂಗಿ, ನಿಮಗೆ ಮರಣ ಬರಲಿ ಎಂಬ ಅರ್ಥದ ಮಾತನ್ನಾಡಿತು. ಮಾತೆ ಆಯಿಶಾ(ರ) ಸಹಿಸಲಾರದೆ ಕಠಿಣವಾಗಿ ಶಪಿಸಿದರು. ಪ್ರವಾದಿ(ಸ) ಅವರನ್ನು ಸಮಾಧಾನಗೊಳಿಸಿ, ಅಲ್ಲಾಹನು ಎಲ್ಲ ವಿಷಯಗಳಲ್ಲೂ ಮೃದುತ್ವವನ್ನು ಮೆಚ್ಚುತ್ತಾನೆಂದು ತಿಳಿಸಿದರು. ಅವರು ಹೇಳಿದ್ದು ತಮಗೆ ಕೇಳಿಸಲಿಲ್ಲವೇ ಎಂದು ಆಯಿಶಾ(ರ) ಕೇಳಿದಾಗ, ನಿಮ್ಮ ಮೇಲೂ ಎಂದಷ್ಟೇ ತಾನು ಉತ್ತರಿಸಿದ್ದೇನಲ್ಲ ಎಂದರು. (ಬುಖಾರಿ, ಮುಸ್ಲಿಮ್)

ಈ ಘಟನೆಯಲ್ಲಿ ಮೂರು ಪಾಠಗಳಿವೆ. ಕುಹಕ ಅರ್ಥವಾಗಿಲ್ಲವೆಂಬಂತೆ ಪ್ರವಾದಿ(ಸ) ನಟಿಸಲಿಲ್ಲ. ಉತ್ತರ ಕೊಟ್ಟರು, ಆದರೆ ಅದು ಒಂದೇ ಮಾತಿನಲ್ಲಿ ಮುಗಿಯಿತು. ಆ ಉತ್ತರದಲ್ಲಿ ಹೊಸದಾಗಿ ಒಂದು ಬೈಗುಳವನ್ನೂ ಸೇರಿಸಲಿಲ್ಲ. ಬೇಕೆಂದೇ ಚುಚ್ಚುವವನಿಗೆ ಬೇಕಾಗಿರುವುದು ನಮ್ಮ ಎರಡನೆಯ ಮಾತು. ಅದನ್ನು ಹಿಡಿದೇ ಅವನು ಜಗಳವನ್ನು ಮುಂದುವರಿಸುತ್ತಾನೆ. ದಯವಿಟ್ಟು ಹಾಗೆ ಮಾತನಾಡಬೇಡಿ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿ ನಿಲ್ಲಿಸಿದರೆ ಅವನ ಕೈ ಬರಿದಾಗುತ್ತದೆ. ಸುತ್ತಲಿದ್ದವರು ಯಾವ ಧರ್ಮದವರೇ ಆಗಿರಲಿ, ತಪ್ಪು ಯಾರದೆಂದು ಅವರಿಗೇ ಕಾಣುತ್ತದೆ. ಒಬ್ಬನ ನಾಲಿಗೆಗಾಗಿ ಆ ಬಸ್ಸಿನಲ್ಲಿದ್ದ ಎಲ್ಲರನ್ನೂ, ಅವನ ಸಮುದಾಯದ ಎಲ್ಲರನ್ನೂ ದ್ವೇಷಿಸತೊಡಗುವುದು ಇನ್ನೊಂದು ಅನ್ಯಾಯವಾದೀತು. ನಮ್ಮವನೊಬ್ಬನ ತಪ್ಪಿಗೆ ನಮ್ಮೆಲ್ಲರನ್ನೂ ದೂರಿದಾಗ ನಮಗೆ ಎಷ್ಟು ನೋವಾಗುತ್ತದೆ ಎಂಬುದನ್ನು ನಾವು ಬಲ್ಲೆವು.

ಸಹನೆಯೆಂದರೆ ಹಕ್ಕು ಬಿಟ್ಟುಕೊಡುವುದಲ್ಲ

ಕಾಲೇಜಿನಿಂದ ಬಂದ ಮಗಳು ಮಂಕಾಗಿ ಕುಳಿತಿದ್ದಾಳೆ. ಬಸ್ಸಿನಲ್ಲಿ ಯಾರೋ ಏನೋ ಅಂದರೆಂದು ತಾಯಿಗೆ ಹೇಳುತ್ತಾಳೆ. ಸಬ್ರ್ ಮಾಡು ಮಗಳೇ ಎಂದು ಹೇಳಿ ತಾಯಿ ಅಡುಗೆಮನೆಗೆ ಹೋಗುತ್ತಾರೆ. ಹೇಳಿದ ಮಾತು ಒಳ್ಳೆಯದೇ. ಆದರೆ ಆ ಹುಡುಗಿಗೆ ಅದು ಹೇಗೆ ಕೇಳಿಸಿತು? ಇನ್ನು ಮುಂದೆ ಹೇಳಬೇಡ, ನುಂಗಿಕೋ ಎಂದು ಕೇಳಿಸಿರಬಹುದು. ಹೀಗಾದರೆ ಸಬ್ರ್ ಎಂಬ ಪವಿತ್ರ ಪದ ದುರ್ಬಲರ ಬಾಯಿ ಮುಚ್ಚಿಸುವ ಸಾಧನವಾಗುತ್ತದೆ. ಮೊದಲು ಪೂರ್ತಿಯಾಗಿ ಕೇಳಿಸಿಕೊಳ್ಳಿ. ಏನು ಅಂದರು, ಎಷ್ಟು ದಿನದಿಂದ, ಬರೀ ಮಾತೇ ಅಥವಾ ಕೈಯೂ ಮುಂದೆ ಬಂತೇ ಎಂದು ವಿಚಾರಿಸಿ.

ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಇಷ್ಟವಿಲ್ಲ. ಆದರೆ ಅನ್ಯಾಯಕ್ಕೊಳಗಾದವನಿಗೆ ಅನ್ನಿಸಾ ಅಧ್ಯಾಯದ 148ನೆಯ ಸೂಕ್ತ ವಿನಾಯಿತಿ ನೀಡಿದೆ. ಕೆಡುಕಿಗೆ ಅಷ್ಟೇ ಪ್ರಮಾಣದ ಪ್ರತಿಫಲ ನ್ಯಾಯವೆಂದೂ, ಕ್ಷಮಿಸಿ ಸರಿಪಡಿಸಿಕೊಂಡವನ ಪ್ರತಿಫಲ ಅಲ್ಲಾಹನ ಹೊಣೆಯೆಂದೂ ಅಶ್ಶೂರಾ ಅಧ್ಯಾಯದ 40ನೆಯ ಸೂಕ್ತ ತಿಳಿಸುತ್ತದೆ. ಪ್ರವಾದಿ(ಸ) ತಮ್ಮ ಸ್ವಂತದ ಸಲುವಾಗಿ ಎಂದೂ ಸೇಡು ತೀರಿಸಿಕೊಳ್ಳಲಿಲ್ಲ, ಆದರೆ ಅಲ್ಲಾಹನು ಪವಿತ್ರಗೊಳಿಸಿದ್ದನ್ನು ಉಲ್ಲಂಘಿಸಿದಾಗ ಸುಮ್ಮನಿರಲಿಲ್ಲ ಎಂದು ಆಯಿಶಾ(ರ) ಸಾಕ್ಷ್ಯ ನುಡಿದಿದ್ದಾರೆ. (ಬುಖಾರಿ, ಮುಸ್ಲಿಮ್)

ಆದುದರಿಂದ ಪ್ರತಿ ಸಂದರ್ಭದಲ್ಲೂ ನಮ್ಮನ್ನು ನಾವೇ ಹೀಗೆ ಪ್ರಶ್ನಿಸಿಕೊಳ್ಳಬೇಕು: ಇಲ್ಲಿ ಪೆಟ್ಟು ಬಿದ್ದಿರುವುದು ನನ್ನ ಪ್ರತಿಷ್ಠೆಗೋ ಅಥವಾ ಹಕ್ಕಿಗೋ? ಪ್ರತಿಷ್ಠೆಗಾದರೆ ಬಿಟ್ಟುಬಿಡೋಣ. ಹಕ್ಕಿಗಾದರೆ ಕೇಳೋಣ, ಆದರೆ ಬೈಗುಳವಿಲ್ಲದೆ ಕೇಳೋಣ. ತಾಲೂಕು ಕಚೇರಿಯಲ್ಲಿ ಗುಮಾಸ್ತ ಗದರಿದ ಎಂಬ ಕಾರಣಕ್ಕೆ ಆದಾಯ ಪ್ರಮಾಣಪತ್ರದ ಅರ್ಜಿಯನ್ನು ಹರಿದುಹಾಕಿ ಬರುವುದು ಸಹನೆಯಲ್ಲ. ಅದರಿಂದ ಮಗನ ವಿದ್ಯಾರ್ಥಿವೇತನ ತಪ್ಪುತ್ತದೆ ಅಷ್ಟೇ. ಸಕಾಲ ಎಂಬ ಹೆಸರಿನಿಂದ ಪರಿಚಿತವಾಗಿರುವ 2011ರ ಕಾನೂನು ಇಂತಹ ಸೇವೆಗಳಿಗೆ ಕಾಲಮಿತಿಯನ್ನು ನಿಗದಿಪಡಿಸಿದೆ. ಅರ್ಜಿ ಕೊಟ್ಟವರಿಗೆ ಸಂಖ್ಯೆಯಿರುವ ಸ್ವೀಕೃತಿ ಸಿಗಬೇಕು, ಅವಧಿ ಮೀರಿದರೆ ಮೇಲ್ಮನವಿಗೆ ಅವಕಾಶವಿದೆ. ಗುಮಾಸ್ತನೊಡನೆ ಕೂಗಾಡಿ ಗಂಟಲು ಒಣಗಿಸಿಕೊಳ್ಳುವುದಕ್ಕಿಂತ ಆ ಸ್ವೀಕೃತಿಯನ್ನು ಜೋಪಾನವಾಗಿಡುವುದು ಜಾಣತನ. ಬಸ್ಸಿನಲ್ಲಿ ಮಿತಿಮೀರಿದ ದುರ್ವರ್ತನೆಯಾದರೆ ಟಿಕೆಟನ್ನು ಎಸೆಯದೆ, ಬಸ್ಸಿನ ಸಂಖ್ಯೆ ಮತ್ತು ಸಮಯವನ್ನು ಬರೆದಿಟ್ಟು ಡಿಪೋಗೆ ಲಿಖಿತ ದೂರು ಕೊಡಬಹುದು. ಮೈಮೇಲೆ ಕೈ ಹಾಕುವುದು, ಹಿಂಬಾಲಿಸುವುದು, ಬೆದರಿಸುವುದು ಒರಟುತನದ ಲೆಕ್ಕಕ್ಕೆ ಬರುವುದಿಲ್ಲ, ಅದು ಅಪರಾಧ. ಅಲ್ಲಿ ಮೌನದ ಉಪದೇಶ ಸಲ್ಲದು. ಕೂಗಿ ಜನರನ್ನು ಸೇರಿಸಬೇಕು, 112ಕ್ಕೆ ಕರೆ ಮಾಡಬೇಕು. ಇದನ್ನು ಹೆಣ್ಣುಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರಬೇಕು.

ಹೊಸ್ತಿಲ ಹೊರಗೇ ಇಳಿಸಿ ಬನ್ನಿ

ನಿಮ್ಮಲ್ಲಿ ಉತ್ತಮರು ತಮ್ಮ ಮನೆಯವರ ಪಾಲಿಗೆ ಉತ್ತಮರಾಗಿರುವವರು ಎಂಬುದು ಪ್ರವಾದಿವರ್ಯರ(ಸ) ಬೋಧನೆ. (ತಿರ್ಮಿದಿ) ಹೊರಗೆ ಎಲ್ಲರ ಮಾತನ್ನೂ ಸಹಿಸಿ, ಹಲ್ಲು ಕಚ್ಚಿ ಬಂದು, ಒಳಗೆ ಸಿಡಿಯುವವನು ಅರ್ಧ ಪರೀಕ್ಷೆಯಲ್ಲಿ ಮಾತ್ರ ತೇರ್ಗಡೆಯಾಗಿದ್ದಾನೆ. ತಿರುಗಿ ಉತ್ತರಿಸಲಾಗದವರ ಮೇಲೆ ಇಳಿಸುವ ಕೋಪದಲ್ಲಿ ಯಾವ ಶೌರ್ಯವಿದೆ?

ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಂದು ಗಳಿಗೆ ನಿಲ್ಲಿ. ಸಲಾಮ್ ಹೇಳಿ ಒಳಗೆ ಕಾಲಿಡಿ. ಶಾಂತಿ ಇರಲಿ ಎಂದು ಹಾರೈಸಿದ ಬಾಯಿಂದಲೇ ಮರುಕ್ಷಣ ಗದರಿಕೆ ಬಂದರೆ ಆ ಹಾರೈಕೆಗೆ ಏನರ್ಥ? ಮನಸ್ಸು ಇನ್ನೂ ಕುದಿಯುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಇಂದು ಹೀಗಾಯಿತು, ಮನಸ್ಸು ಸರಿಯಿಲ್ಲ, ಸ್ವಲ್ಪ ಹೊತ್ತು ಸುಮ್ಮನಿರಲು ಬಿಡಿ ಎಂದು ಪತ್ನಿಗೆ ಹೇಳಿದರೆ ಪುರುಷತ್ವಕ್ಕೆ ಕುಂದಾಗುವುದಿಲ್ಲ. ಕಾರಣ ತಿಳಿಯದ ಮುನಿಸಿಗಿಂತ ಕಾರಣ ತಿಳಿದ ದುಃಖವನ್ನು ಹಂಚಿಕೊಳ್ಳುವುದು ಮನೆಯವರಿಗೆ ಸುಲಭ.

ನಾವೂ ಯಾರಿಗೋ ಅಪರಿಚಿತರು

ಇದುವರೆಗೆ ನಮ್ಮನ್ನು ನೋಯಿಸಿದವರ ಕುರಿತು ಮಾತನಾಡಿದೆವು. ಇನ್ನು ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡೋಣ. ಶುಕ್ರವಾರ ಜುಮಾ ನಮಾಝ್‌ಗೆ ತಡವಾಯಿತೆಂದು ಯಾರದೋ ಮನೆಯ ಗೇಟಿಗೆ ಅಡ್ಡವಾಗಿ ಸ್ಕೂಟರ್ ನಿಲ್ಲಿಸಿ ಹೋಗುತ್ತೇವೆ. ಆ ಮನೆಯಲ್ಲಿ ರೋಗಿಯಿದ್ದರೆ? ಆಟೋ ಓಡಿಸುವಾಗ, ಮೀನು ಮಾರುವಾಗ, ಅಂಗಡಿಯ ಗಲ್ಲಾದಲ್ಲಿ ಕುಳಿತಾಗ ನಮ್ಮ ನಾಲಿಗೆ ಹೇಗಿರುತ್ತದೆ? ದಾರಿಬದಿಯಲ್ಲಿ ಕುಳಿತುಕೊಳ್ಳುವುದಾದರೆ ದಾರಿಯ ಹಕ್ಕನ್ನು ಸಲ್ಲಿಸಿರೆಂದು ಹೇಳಿದ ಪ್ರವಾದಿ(ಸ), ದೃಷ್ಟಿಯನ್ನು ತಗ್ಗಿಸುವುದು, ಇತರರಿಗೆ ತೊಂದರೆ ಕೊಡದಿರುವುದು, ಸಲಾಮ್‌ಗೆ ಉತ್ತರಿಸುವುದು, ಒಳಿತನ್ನು ಹೇಳಿ ಕೆಡುಕನ್ನು ತಡೆಯುವುದು ಆ ಹಕ್ಕುಗಳೆಂದು ವಿವರಿಸಿದರು. (ಬುಖಾರಿ, ಮುಸ್ಲಿಮ್)

ಅಧಿಕಾರ ನಮ್ಮ ಕೈಯಲ್ಲಿದ್ದಾಗ ಈ ಪರೀಕ್ಷೆ ಇನ್ನೂ ಕಠಿಣ. ಖಲೀಫಾ ಉಮರ್(ರ) ಅವರ ಸನ್ನಿಧಿಗೆ ಉಯೈನಾ ಬಿನ್ ಹಿಸ್ನ್ ಎಂಬಾತ ಬಂದು, ನೀವು ನಮಗೆ ಧಾರಾಳವಾಗಿ ಕೊಡುವುದೂ ಇಲ್ಲ, ನ್ಯಾಯವಾಗಿ ತೀರ್ಪು ನೀಡುವುದೂ ಇಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದ. ಉಮರ್(ರ) ಕೋಪಗೊಂಡು ಶಿಕ್ಷಿಸಲು ಮುಂದಾದರು. ಆಗ ಅಲ್ಲಿದ್ದ ಹುರ್ ಬಿನ್ ಕೈಸ್(ರ), ಅವಿವೇಕಿಗಳನ್ನು ಕಡೆಗಣಿಸುವಂತೆ ಆದೇಶಿಸುವ ಅಲ್ ಆರಾಫ್ ಅಧ್ಯಾಯದ 199ನೆಯ ಸೂಕ್ತವನ್ನು ಓದಿ, ಈತನೂ ಅಂಥವರಲ್ಲೊಬ್ಬನೆಂದು ಹೇಳಿದರು. ಆ ಸೂಕ್ತ ಕಿವಿಗೆ ಬಿದ್ದ ಮೇಲೆ ಉಮರ್(ರ) ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. (ಬುಖಾರಿ) ವಿಶಾಲ ಸಾಮ್ರಾಜ್ಯದ ಆಡಳಿತಗಾರ ಹಾಗೆ ನಿಂತರು. ನಾವು ಬರೀ ಒಂದು ಸೀಟಿಗಾಗಿ, ಎರಡು ರೂಪಾಯಿ ಚಿಲ್ಲರೆಗಾಗಿ ನಿಲ್ಲಲಾರೆವೇ?

ಮನೆಯಲ್ಲಿ ಅಭ್ಯಾಸಕ್ಕಾಗಿ

ಒಂದು ವಾರ ಹೀಗೆ ಮಾಡಿ ನೋಡಿ. ರಾತ್ರಿ ಊಟಕ್ಕೆ ಕುಳಿತಾಗ ಮನೆಯ ಪ್ರತಿಯೊಬ್ಬರೂ ಆ ದಿನ ಹೊರಗೆ ಕೇಳಿದ ಒಂದು ಒರಟು ಮಾತನ್ನೂ, ಹಾಗೆಯೇ ಅಪರಿಚಿತರಿಂದ ಸಿಕ್ಕ ಒಂದು ಉಪಕಾರವನ್ನೂ ಹೇಳಲಿ. ಸೀಟು ಬಿಟ್ಟುಕೊಟ್ಟವರು, ಬಿದ್ದ ಪರ್ಸನ್ನು ಎತ್ತಿಕೊಟ್ಟವರು, ದಾರಿ ತೋರಿಸಿದವರು ನಮ್ಮ ಲೆಕ್ಕದಿಂದ ಸದಾ ಬಿಟ್ಟುಹೋಗುತ್ತಾರೆ. ಬಳಿಕ ಒರಟು ಮಾತಿಗೆ ತಾವು ಏನು ಮಾಡಿದೆವು, ಅದು ಪ್ರತಿಷ್ಠೆಯ ವಿಷಯವೋ ಹಕ್ಕಿನ ವಿಷಯವೋ ಎಂದು ಎಲ್ಲರೂ ಸೇರಿ ಚರ್ಚಿಸಲಿ. ಹಿರಿಯರು ಮೊದಲು ಹೇಳಲಿ. ತಂದೆಯೂ ಅವಮಾನಕ್ಕೊಳಗಾಗುತ್ತಾರೆ ಮತ್ತು ಅದನ್ನು ಸಂಯಮದಿಂದ ಎದುರಿಸುತ್ತಾರೆ ಎಂದು ತಿಳಿದ ಮಕ್ಕಳು ತಮ್ಮ ನೋವನ್ನು ಮುಚ್ಚಿಡುವುದಿಲ್ಲ.

ನಮ್ಮ ನಾಲಿಗೆಗಳನ್ನು ಕೆಡುಕಿನಿಂದ ಕಾಪಾಡುವಂತೆ, ನಮ್ಮನ್ನು ನೋಯಿಸಿದವರನ್ನು ಕ್ಷಮಿಸುವ ಮನಸ್ಸನ್ನು ಕೊಡುವಂತೆ, ನಾವು ಅರಿಯದೆ ನೋಯಿಸಿದವರ ಮನಸ್ಸಿನಲ್ಲಿ ನಮ್ಮ ಬಗ್ಗೆ ಕನಿಕರ ಹುಟ್ಟಿಸುವಂತೆ ಕರುಣಾಮಯನಾದ ಅಲ್ಲಾಹನಲ್ಲಿ ಪ್ರಾರ್ಥಿಸೋಣ. ಆಮೀನ್.